ಗುರುವಾರದ ಮಾತ್ರೆ

ತಾಂಬರಂ ಸ್ಟೇಷನ್ನಿನ ಪೂರ್ವದ ಕಡೆ ಇಳಿದು ಐದು ನಿಮಿಷ ನಡೆದರೆ ಒಂದು ಉಡುಪಿ ಹೋಟೆಲು ಸಿಗುತ್ತದೆ. ಅಲ್ಲಿಗೆ ಇಪ್ಪತ್ತು ವರ್ಷದಿಂದ ಕಾಫಿಗೆ ಬರುವವರಿಗೂ ಧಣಿಗಳ ಹೆಸರು ಗೊತ್ತಿಲ್ಲ, ಸೂಪರ್‌ವೈಸರ್ ವಿಷ್ಣುಮೂರ್ತಿಯ ಹೆಸರು ಗೊತ್ತು. ಬಿಳಿ ಅಂಗಿ, ಮಡಚಿದ ತೋಳು, ಹೆಗಲ ಮೇಲೊಂದು ಟವೆಲು, ಮುಖದಲ್ಲಿ ಯಾರ ಮೇಲೂ ಸಿಟ್ಟಾಗದ ನಗೆ. ಅರವತ್ತಮೂರರ ಹೊತ್ತಿಗೆ ಅದು ನಗೆಯೋ, ಮುಖದ ಆಕಾರವೇ ಹಾಗೋ ಎಂದು ಹೇಳುವುದು ಕಷ್ಟವಾಗಿತ್ತು. ಸಪ್ಲೈಯರ್ ಆಗಿ ಬಂದವರು ಸೂಪರ್‌ವೈಸರ್ ಆದದ್ದು ಆ ನಗೆಯ ದೆಸೆಯಿಂದಲೇ.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅವರು ಒಂದು ಎಡವಟ್ಟು ಮಾಡಿದ್ದರು. ಆಗ ಬ್ರಹ್ಮಾವರದ ಕಡೆಯಿಂದ ಬಂದಿಳಿದ ಇಪ್ಪತ್ತೆರಡರ ಪ್ರಾಯ. ಗಿರಾಕಿಯೊಬ್ಬರು ಸಾಂಬಾರಿನ ಬಟ್ಟಲು ಆಚೆ ತಳ್ಳಿ, ಇದನ್ನು ಮಾಡಿದವನಿಗೆ ನಾಲಗೆ ಇಲ್ಲವೋ, ಉಪ್ಪು ಸುರಿದಿದ್ದಾನೆ ಎಂದರು. ವಿಷ್ಣುಮೂರ್ತಿ ಒಳಗೆ ಹೋಗಿ ಅದನ್ನು ಒಂದಕ್ಷರ ಬಿಡದೆ ಅಡಿಗೆ ಭಟ್ಟರಿಗೆ ಒಪ್ಪಿಸಿದರು. ಭಟ್ಟರು ಸೌಟು ಕೆಳಗಿಟ್ಟು, ಕೈ ತೊಳೆದು, ಹಿಂಬಾಗಿಲಿನಿಂದ ಹೊರಟವರು ಮೂರು ದಿನ ಬರಲಿಲ್ಲ. ಆಗಿನ ದೊಡ್ಡ ಧಣಿಗಳು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದರು. ಆರ್ಡರನ್ನು ಗಿರಾಕಿಯ ಎದುರೇ ಇನ್ನೊಮ್ಮೆ ಹೇಳಿ, ಹೌದಾ ಎಂದು ಕೇಳಿಕೊಂಡು, ಹಾಗೆಯೇ ಒಳಗೆ ಒಯ್ಯಬೇಕು. ದೂರನ್ನು ಮಾತ್ರ ಹಾಗೆ ಒಯ್ಯಬಾರದು. ಅದರ ಮುಳ್ಳನ್ನು ದಾರಿಯಲ್ಲೇ ಕಿತ್ತು ಹಾಕಬೇಕು.

ಆಮೇಲೆ ನಲವತ್ತು ವರ್ಷ ಅವರು ಮುಳ್ಳು ಕೀಳುತ್ತಲೇ ಬಂದರು. ಸಾಂಬಾರು ಉಪ್ಪು ಎಂಬ ಮಾತು ಅಡಿಗೆ ಮನೆ ಮುಟ್ಟುವಾಗ, ನಾಲ್ಕನೇ ಟೇಬಲ್ಲಿನವರಿಗೆ ಬಿ.ಪಿ. ಅಂತೆ ಭಟ್ರೇ, ಸ್ವಲ್ಪ ಬೇಳೆ ನೀರು ಹೊಯ್ದು ಕೊಡಿ ಎಂದಾಗಿರುತ್ತಿತ್ತು. ಬೇಕಾದರೆ ತಿನ್ನಲಿ, ಇಲ್ಲದಿದ್ದರೆ ಎದ್ದು ಹೋಗಲಿ ಎಂದು ಭಟ್ಟರು ಗದರಿದ್ದು ಹೊರಗೆ ಬರುವಾಗ, ನಿಮಗೇ ಅಂತ ಹೊಸತು ಮಾಡ್ತಿದ್ದಾರೆ ಸಾರ್ ಎಂದಾಗಿರುತ್ತಿತ್ತು. ಗಿರಾಕಿಗೂ ಸಮಾಧಾನ, ಭಟ್ಟರಿಗೂ ಸಮಾಧಾನ. ಈಗಿನ ಧಣಿ ಗುರುಚರಣರು ಹೊಸದಾಗಿ ಬಂದ ಸಪ್ಲೈಯರುಗಳಿಗೆಲ್ಲ, ಮಾತಾಡುವುದನ್ನು ವಿಷ್ಣುಮೂರ್ತಿಯವರನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರು.

ಮನೆಯಲ್ಲೂ ಅವರದು ಅದೇ ಉದ್ಯೋಗ. ಹೆಂಡತಿ ಗುಣವತಿಯದು ನೇರ ಮಾತು, ಆದರೆ ಅವಳ ತಮಿಳು ಮೂವತ್ತೈದು ವರ್ಷದಲ್ಲಿ ತರಕಾರಿ ಗಾಡಿ ದಾಟಿ ಮುಂದೆ ಹೋಗಿರಲಿಲ್ಲ. ಬಾಡಿಗೆ ಮನೆಯ ಓನರ್, ಮಗಳ ಶಾಲೆ, ಬ್ಯಾಂಕು, ಗ್ಯಾಸಿನವರು ಎಲ್ಲರ ಹತ್ತಿರ ಅವಳ ಬಾಯಿ ಎಂದರೆ ಗಂಡನೇ. ನೀರಿನ ಮೋಟಾರು ಈ ವಾರ ಸರಿಯಾಗದಿದ್ದರೆ ಓನರ್ ಮನೆಯ ನಲ್ಲಿಗೇ ಹೋಗಿ ಕೊಡ ಹಿಡಿಯುತ್ತೇನೆ ಎಂದು ಹೇಳಿ ಬನ್ನಿ ಎಂದು ಅವಳು ಕಳಿಸಿದರೆ, ಇವರು ಹೋಗಿ ಅವರ ಮೊಮ್ಮಗನ ಪರೀಕ್ಷೆಯ ಸುದ್ದಿ ಕೇಳಿ, ಬಿಡುವಾದಾಗ ಮೋಟಾರನ್ನೊಮ್ಮೆ ನೋಡಿ ಎಂದು ಹೇಳಿ ಬರುತ್ತಿದ್ದರು. ಇಡೀ ಬೀದಿಯಲ್ಲಿ ಗುಣವತಿಯಂಥ ಸಾಧು ಹೆಂಗಸು ಇಲ್ಲ ಎಂದು ಓನರ್ ನಂಬಿದ್ದರು. ಗುಣವತಿಗೆ ಇದೆಲ್ಲ ಗೊತ್ತಿತ್ತು. ನಾನು ಹೇಳುದು ಮಾರುದ್ದ, ನೀವು ಮುಟ್ಟಿಸುದು ಗೇಣುದ್ದ ಎಂದು ನಗುತ್ತಿದ್ದಳು. ಗೇಣುದ್ದವಾದರೂ ಮುಟ್ಟುತ್ತದೆ ಎಂಬ ಧೈರ್ಯ ಅವಳಿಗೆ.

ಏಳು ವರ್ಷದ ಹಿಂದೆ ಅವಳ ಬೆರಳಿನ ಗಂಟುಗಳು ಬಾತು, ಬೆಳಿಗ್ಗೆ ಎದ್ದರೆ ಪಾತ್ರೆ ಹಿಡಿಯಲಾಗದಂತೆ ಆಯಿತು. ಕೀಲುಗಳ ಕಾಯಿಲೆ, ರುಮಟಾಯ್ಡ್ ಎಂದರು. ನೋಡುತ್ತಿದ್ದವರು ಡಾಕ್ಟರ್ ಅಂಬುಜಾ. ಮಂಗಳೂರಿನಲ್ಲಿ ಓದಿ ಬಂದವರಾದ್ದರಿಂದ ಗುಣವತಿಯ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದರು. ಎರಡು ಪುಟ್ಟ ಹಳದಿ ಮಾತ್ರೆ, ಮೆಥೋಟ್ರೆಕ್ಸೇಟ್ ಎಂದು ಹೆಸರು. ವಾರಕ್ಕೊಮ್ಮೆ, ಗುರುವಾರ ಮಾತ್ರ ನುಂಗಬೇಕು, ದಿನಾ ತೆಗೆದುಕೊಂಡರೆ ಜೀವಕ್ಕೆ ಅಪಾಯ ಎಂದು ಅವರು ಮೂರು ಸಲ ಹೇಳಿ, ಗುಣವತಿಯ ಬಾಯಲ್ಲೂ ಒಮ್ಮೆ ಹೇಳಿಸಿದ್ದರು. ಚೀಟಿಯಲ್ಲಿ ‘ಗುರುವಾರ ಮಾತ್ರ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಬೇರೆ ಯಾವ ಆಸ್ಪತ್ರೆಗೆ ಹೋದರೂ ಇದನ್ನು ತೋರಿಸಿ ಎಂದಿದ್ದರು. ಗುಣವತಿ ಆ ಚೀಟಿಯನ್ನು ಅಡಿಗೆ ಮನೆಯ ಕಪಾಟಿನ ಬಾಗಿಲಿನ ಒಳಗೆ ಅಂಟಿಸಿದಳು. ಪ್ರತಿ ಜನವರಿಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಬಂದ ಕೂಡಲೇ ಕೂತು, ಇಡೀ ವರ್ಷದ ಗುರುವಾರಗಳಿಗೆಲ್ಲ ಕುಂಕುಮದ ಬೊಟ್ಟು ಇಡುತ್ತಿದ್ದಳು. ಆರು ವರ್ಷದಲ್ಲಿ ಒಂದು ದಿನ ತಪ್ಪಲಿಲ್ಲ.

ಹೋದ ವರ್ಷ ಒಂದು ಶನಿವಾರ ಬೆಳಿಗ್ಗೆ ಅವಳು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಂಬುಲೆನ್ಸ್ ಬಂದಾಗ ವಿಷ್ಣುಮೂರ್ತಿ ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಹೊರಟರು. ಮಾತ್ರೆಗಳ ಪ್ಲಾಸ್ಟಿಕ್ ಕವರು ಸಿಕ್ಕಿತು. ಕಪಾಟಿನ ಬಾಗಿಲು ತೆರೆಯುವುದು ತಲೆಗೆ ಹೊಳೆಯಲಿಲ್ಲ. ಆಸ್ಪತ್ರೆಯ ಡ್ಯೂಟಿ ಡಾಕ್ಟರು ನಿಂತಲ್ಲೇ ಆ ಕವರಿನ ಮಾತ್ರೆ ಸ್ಟ್ರಿಪ್ಪುಗಳನ್ನು ಒಂದೊಂದಾಗಿ ತೆಗೆದು, ಹೆಸರುಗಳನ್ನು ಬರೆದುಕೊಂಡು, ಎಲ್ಲದರ ಎದುರಿಗೂ ದಿನಾ ಎಂದು ಹಾಕಿಕೊಂಡು ಹೋದರು. ಯಾವುದನ್ನು ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಲಿಲ್ಲ. ಅವರ ಹಿಂದೆ ಇನ್ನೂ ನಾಲ್ಕು ಸ್ಟ್ರೆಚರ್ ಕಾಯುತ್ತಿದ್ದವು.

ಸೋಮವಾರ ಆಪರೇಷನ್ ಆಯಿತು, ಅಲ್ಲಿಯ ತನಕ ಬಾಯಿಗೆ ಮಾತ್ರೆ ಕೊಟ್ಟಿರಲಿಲ್ಲ. ಮಂಗಳವಾರ ಸಂಜೆ ರಂಜನಿ ಎಂಬ ಚಿಕ್ಕ ಪ್ರಾಯದ ನರ್ಸು ಪುಟ್ಟ ಲೋಟದಲ್ಲಿ ಮಾತ್ರೆಗಳನ್ನು ತಂದಳು. ಗುಣವತಿಗೆ ನೋವಿನ ಇಂಜೆಕ್ಷನ್ನಿನ ಮಂಪರು. ಇದ್ದಷ್ಟು ತಮಿಳೂ ಬಾಯಿಗೆ ಬರುತ್ತಿರಲಿಲ್ಲ. ಆದರೂ ಲೋಟದೊಳಗೆ ಬೆರಳಾಡಿಸಿ ಎರಡು ಹಳದಿ ಮಾತ್ರೆಗಳನ್ನು ಅಂಗೈಗೆ ತೆಗೆದುಕೊಂಡು ಗಂಡನ ಕಡೆ ತಿರುಗಿದಳು.

“ಇದು ನನ್ನ ದಿನದ ಮಾತ್ರೆ ಅಲ್ಲ. ಇದು ಗುರುವಾರ ಮಾತ್ರ ತಗೊಳ್ಳುದು, ಇವತ್ತು ಮಂಗಳವಾರ. ದಿನಾ ತಗೊಂಡ್ರೆ ಜೀವಕ್ಕೆ ಅಪಾಯ ಅಂತ ಅಂಬುಜಾ ಡಾಕ್ಟ್ರು ಹೇಳಿದ್ದಾರೆ. ಡಾಕ್ಟ್ರನ್ನು ಕೇಳಿಯೇ ಕೊಡ್ಲಿಕ್ಕೆ ಹೇಳಿ ಇವಳಿಗೆ.”

ರಂಜನಿ ಕೈಯಲ್ಲಿದ್ದ ಪಟ್ಟಿ ನೋಡುವುದನ್ನು ನಿಲ್ಲಿಸಿ, ಅಮ್ಮ ಏನು ಹೇಳುತ್ತಿದ್ದಾರೆ ಎಂದು ವಿಷ್ಣುಮೂರ್ತಿಯವರನ್ನು ತಮಿಳಿನಲ್ಲಿ ಕೇಳಿದಳು.

ಕೇಳಿದ್ದಳು. ಅದೊಂದನ್ನು ಅವರು ಸಾಯುವ ತನಕ ಮರೆಯಲಾರರು. ಆ ಹುಡುಗಿಯ ಕಣ್ಣು ಬಾಡಿತ್ತು, ಹಿಂದಿನ ಹಾಸಿಗೆಯವರು ಆಗಲೇ ಎರಡು ಸಲ ಕೂಗಿದ್ದರು, ಹೊರಗೆ ವರಾಂಡದಲ್ಲಿ ದೊಡ್ಡ ಡಾಕ್ಟರು ಯಾರಿಗೋ ಜೋರು ಮಾಡುತ್ತಿದ್ದರು. ನಿಮ್ಮ ಪಟ್ಟಿ ತಪ್ಪು, ಜೀವಕ್ಕೆ ಅಪಾಯ, ಹೋಗಿ ಕೇಳಿಕೊಂಡು ಬಾ ಎಂದು ಈ ಹುಡುಗಿಗೆ ಹೇಳಿದರೆ ಅವಳು ಹೋಗಿ ಆ ಡಾಕ್ಟರ ಎದುರೇ ನಿಲ್ಲಬೇಕು. ಅವರಿಗೆ ಕೋಪ ಬಂದರೆ ನಾಳೆಯಿಂದ ಗುಣವತಿಯ ಕಡೆ ಯಾರು ತಿರುಗಿ ನೋಡುತ್ತಾರೆ? ಇಷ್ಟೆಲ್ಲ ಅವರು ಕೂತು ಯೋಚಿಸಿದ್ದಲ್ಲ. ನಲವತ್ತು ವರ್ಷದ ಅಭ್ಯಾಸ ಬಾಯೊಳಗೇ ಕೆಲಸ ಮಾಡಿ ಮುಗಿಸಿತು. ಮುಖದಲ್ಲಿ ಆ ನಗೆ ಬಂತು.

“ಒಣ್ಣುಮಿಲ್ಲ ಸಿಸ್ಟರ್,” ಎಂದರು. ಏನೂ ಇಲ್ಲ ಎಂದು. ಮಾತ್ರೆ ಜಾಸ್ತಿ ಆಯಿತು ಅನ್ನುತ್ತಾಳೆ ಅಷ್ಟೆ, ಪಾಪ, ನುಂಗಲು ಕಷ್ಟ ಎಂದು ಸೇರಿಸಿದರು. ರಂಜನಿಯೂ ನಕ್ಕಳು. ಬಿಸಿನೀರು ತಂದು ಕೊಟ್ಟಳು.

ನರ್ಸು ಮುಂದಿನ ಹಾಸಿಗೆಗೆ ಹೋದ ಮೇಲೆ ಗುಣವತಿ ಕೇಳಿದಳು. “ಹೇಳಿದ್ರಾ?”

“ಹೇಳಿದೆ ಮಾರಾಯ್ತಿ. ಈ ಆಸ್ಪತ್ರೆಯಲ್ಲಿ ಹೀಗೆಯೇ ಅಂತೆ. ಡಾಕ್ಟ್ರಿಗೆ ಗೊತ್ತುಂಟಂತೆ.”

ಗುಣವತಿ ಮಾತ್ರೆಗಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನುಂಗಿದಳು.

ಹೇಳಿದೆ ಎಂದದ್ದು ಸುಳ್ಳು ಎಂದು ಆ ಹೊತ್ತಿಗೆ ಅವರಿಗೆ ಅನ್ನಿಸಲೇ ಇಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಾಳೆ ಬೆಳಿಗ್ಗೆ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಾಗ ನಿಧಾನವಾಗಿ ಕೇಳಿದರಾಯಿತು ಎಂದುಕೊಂಡರು. ಡಾಕ್ಟರು ಬಂದರು, ಗಾಯ ನೋಡಿದರು, ಚೆನ್ನಾಗಿದೆ ಎಂದರು. ಚೆನ್ನಾಗಿದೆ ಎಂದವರ ಮುಂದೆ ತಕರಾರು ತೆಗೆಯುವುದು ಹೇಗೆ? ಹೀಗೆ ಒಂದು ದಿನ, ಎರಡು ದಿನ, ಏಳು ದಿನ. ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲೂ ಅದೇ ಅಚ್ಚಾಗಿತ್ತು, ಎರಡು ಮಾತ್ರೆ, ದಿನಾ. ಅಚ್ಚಾದದ್ದನ್ನು ಕಂಡ ಮೇಲೆ ಅವರಿಗೇ ನಂಬಿಕೆ ಬಂದುಬಿಟ್ಟಿತು.

ಮನೆಯಲ್ಲಿ ಗುಣವತಿ ವಾಕರ್ ಹಿಡಿದು ಅಡಿಗೆ ಮನೆಯವರೆಗೆ ಬಂದು ಕಪಾಟಿನ ಚೀಟಿ ನೋಡಿದಳು. ಅಂಬುಜಾ ಡಾಕ್ಟರಿಗೆ ಒಂದು ಫೋನ್ ಮಾಡಿ ಎಂದಳು. ಅವರು ಕೆಲಸದಲ್ಲಿರುತ್ತಾರೆ, ಆಸ್ಪತ್ರೆಯವರೂ ಓದಿದವರೇ, ನಾನು ಹೇಳಿದ್ದೇನಲ್ಲ ಎಂದರು ಇವರು. ಗುರುವಾರ ಬಂತು. ಮಾತ್ರೆ ಬಾಯಿಗೆ ಹಾಕಿಕೊಳ್ಳುವಾಗ ಅವಳು ಕ್ಯಾಲೆಂಡರಿನ ಬೊಟ್ಟು ತೋರಿಸಿ, ಇವತ್ತೊಂದು ದಿನ ಸರಿಯಾಯ್ತು ನೋಡಿ ಎಂದು ನಕ್ಕಳು.

ಮರುದಿನ ಅವಳ ಬಾಯಿ ಹುಣ್ಣಾಯಿತು. ಶನಿವಾರದ ಹೊತ್ತಿಗೆ ನೀರೂ ನುಂಗಲಾಗದೆ, ಮೈ ಕೆಂಡವಾಗಿ ಸುಡುತ್ತಿತ್ತು. ಅಂಬತ್ತೂರಿನಲ್ಲಿ ಗಂಡನ ಜೊತೆ ಇರುವ ಮಗಳು ನಿಖಿತಾ ಓಡಿ ಬಂದಳು. ಮೂವರೂ ಡಾಕ್ಟರ್ ಅಂಬುಜಾ ಅವರಲ್ಲಿಗೆ ಹೋದರು. ಅವರು ಬಾಯೊಳಗೆ ಟಾರ್ಚು ಬಿಟ್ಟು ನೋಡಿ, ಆಸ್ಪತ್ರೆಯ ಕಾಗದ ಓದಿ, ಅದನ್ನು ಮೇಜಿನ ಮೇಲಿಟ್ಟರು.

“ಇದನ್ನು ದಿನಾ ಕೊಟ್ರಾ? ಎಷ್ಟು ದಿನ?”

ಹನ್ನೊಂದು ದಿನ. ಡಾಕ್ಟರ್ ಅಂಬುಜಾ ಮತ್ತೆ ಕುರ್ಚಿಯಲ್ಲಿ ಕೂರಲಿಲ್ಲ. ತಾವೇ ಫೋನು ಮಾಡಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಗೊತ್ತುಮಾಡಿ ಕೊಟ್ಟರು. ರಕ್ತದ ಕಣಗಳೇ ಹುಟ್ಟದಂತಾಗಿದೆ, ಸೋಂಕು ಎಲ್ಲ ಕಡೆ ಹರಡಿದೆ ಎಂದು ಅಲ್ಲಿ ಹೇಳಿದರು. ಮದ್ದು ಕೊಟ್ಟರು, ರಕ್ತ ಕೊಟ್ಟರು. ಒಂಬತ್ತನೆಯ ದಿನ ಗುಣವತಿ ಹೋದಳು. ಕೊನೆಯ ನಾಲ್ಕು ದಿನ ಬಾಯಿಯ ಹುಣ್ಣಿನಿಂದ ಅವಳಿಗೆ ಮಾತಾಡಲು ಆಗಿರಲಿಲ್ಲ. ಯಾರಿಗೂ ಏನೂ ಹೇಳದೆ ಹೋದಳು.

ನಿಖಿತಾಳಿಗೆ ಅಳಲೂ ಪುರಸೊತ್ತಿರಲಿಲ್ಲ. ಅವಳು ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ವಿಭಾಗದವಳು. ಕಬ್ಬಿಣದ ಒಂದು ತುಂಡು ಇಬ್ಬರ ಕಣ್ಣು ದಾಟದೆ ಹೊರಗೆ ಹೋಗುವುದಿಲ್ಲ, ನನ್ನ ಅಮ್ಮನಿಗೆ ಹನ್ನೊಂದು ದಿನ ವಿಷ ಹೇಗೆ ಹೋಯಿತು ಎಂದು ಆಸ್ಪತ್ರೆಗೆ ಕಾಗದದ ಮೇಲೆ ಕಾಗದ ಬರೆದಳು. ವಿಷ್ಣುಮೂರ್ತಿ ಅವಳು ತೋರಿಸಿದಲ್ಲೆಲ್ಲ ಸಹಿ ಹಾಕಿದರು. ಹೇಳಬೇಕು ಹೇಳಬೇಕು ಎಂದು ಪ್ರತಿ ಸಲ ಬಾಯಿ ತೆರೆಯುತ್ತಿದ್ದರು. ತಾಯಿ ಹೋದ ಮನೆಯಲ್ಲಿ ಮಗಳಿಗೆ ಉಳಿದದ್ದು ಆ ಸಿಟ್ಟೊಂದೇ. ಅದನ್ನೂ ಕಿತ್ತುಕೊಳ್ಳುವುದೇ, ಅಥವಾ ಅದು ತಮ್ಮ ಕಡೆಗೇ ತಿರುಗಿಬಿಟ್ಟರೆ? ಬಾಯಿ ಮುಚ್ಚುತ್ತಿತ್ತು.

ಎರಡು ತಿಂಗಳಾದ ಮೇಲೆ ಆಸ್ಪತ್ರೆಯವರು ವಿಚಾರಣೆಗೆ ಕರೆದರು. ಉದ್ದ ಮೇಜು. ಆಚೆ ಕಡೆ ಸೂಪರಿಂಟೆಂಡೆಂಟು, ಹೆಡ್ ನರ್ಸು, ಬರೆದುಕೊಳ್ಳಲು ಒಬ್ಬ ಗುಮಾಸ್ತೆ, ತುದಿಯಲ್ಲಿ ರಂಜನಿ. ಮಾತೆಲ್ಲ ತಮಿಳಿನಲ್ಲೇ ನಡೆಯಿತು. ಆರು ವರ್ಷದಿಂದ ತೆಗೆದುಕೊಳ್ಳುತ್ತಿದ್ದ ಮಾತ್ರೆ, ಅದು ವಾರಕ್ಕೊಮ್ಮೆ ಎಂದು ರೋಗಿಗೇ ಗೊತ್ತಿತ್ತು, ಒಂದು ಮಾತು ಹೇಳಿದ್ದರೆ ನಿಲ್ಲಿಸುತ್ತಿದ್ದೆವು ಎಂದರು ಸೂಪರಿಂಟೆಂಡೆಂಟು. ನನ್ನ ಅಮ್ಮ ಬಾಯಿ ಮುಚ್ಚಿಕೊಂಡು ಕೂರುವವಳಲ್ಲ ಎಂದಳು ನಿಖಿತಾ. ಆಗ ರಂಜನಿ ತಲೆ ಎತ್ತದೆ ಮಾತಾಡಿದಳು.

“ಆ ಅಮ್ಮ ಮಾತ್ರೆ ಕೈಯಲ್ಲಿ ಹಿಡ್ಕೊಂಡು ಏನೋ ಹೇಳಿದರು. ನನಗೆ ಭಾಷೆ ಗೊತ್ತಾಗಲಿಲ್ಲ. ಏನು ಹೇಳ್ತಾರೆ ಅಂತ ಇವರನ್ನೇ ಕೇಳಿದೆ. ಒಣ್ಣುಮಿಲ್ಲ ಅಂದರು.”

ಕೆಲಸ ಉಳಿಸಿಕೊಳ್ಳಲು ಸತ್ತವಳ ಗಂಡನ ಮೇಲೆ ಸುಳ್ಳು ಹೊರಿಸುತ್ತೀಯಾ ಎಂದು ನಿಖಿತಾ ಅವಳ ಮೇಲೆ ಹರಿಹಾಯ್ದಳು. ರಂಜನಿ ಅಳತೊಡಗಿದಳು. ಆಮೇಲೆ ಎಲ್ಲರ ಮುಖವೂ ವಿಷ್ಣುಮೂರ್ತಿಯ ಕಡೆಗೆ ತಿರುಗಿತು, ಎಲ್ಲಕ್ಕಿಂತ ಮೊದಲು ಮಗಳದು.

ಒಂದು ಮಾತು ಸಾಕಿತ್ತು. ನೆನಪಿಲ್ಲ ಎಂದಿದ್ದರೂ ಆಗುತ್ತಿತ್ತು. ಎರಡೂ ಕಡೆಗೆ ನೋವಾಗದ ಹಾಗೆ ಹೇಳುವ ಮಾತು ಅವರಿಗೆ ಗೊತ್ತಿಲ್ಲದೆ ಇತ್ತೇ? ಆದರೆ ಎದುರಿಗೆ ಅಳುತ್ತಿದ್ದವಳು ಅಂದು ನಿಂತು ಕೇಳಿದ ಹುಡುಗಿ. ಇಡೀ ಆಸ್ಪತ್ರೆಯಲ್ಲಿ ಕೇಳಿದವಳು ಅವಳೊಬ್ಬಳೇ. ವಿಷ್ಣುಮೂರ್ತಿ ಎದ್ದು ನಿಂತರು, ಯಾಕೆಂದು ಅವರಿಗೇ ತಿಳಿಯದು. ಈ ಹುಡುಗಿ ಹೇಳಿದ್ದು ನಿಜ ಎಂದರು. ಗುಣವತಿ ಅಂದು ಹೇಳಿದ್ದನ್ನು ತಮಿಳಿನಲ್ಲಿ, ಮೊದಲಿನಿಂದ ಕೊನೆಯವರೆಗೆ, ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಹೇಳಿದರು.

ಗುಮಾಸ್ತೆ ಬರೆದುಕೊಂಡು, ಅದನ್ನು ಅವರಿಗೇ ಓದಿ ಹೇಳಿದ. ಇದು ನನ್ನ ದಿನದ ಮಾತ್ರೆ ಅಲ್ಲ. ಇದು ಗುರುವಾರ ಮಾತ್ರ ತೆಗೆದುಕೊಳ್ಳುವುದು, ಇವತ್ತು ಮಂಗಳವಾರ. ದಿನಾ ತೆಗೆದುಕೊಂಡರೆ ಜೀವಕ್ಕೆ ಅಪಾಯ ಎಂದು ಅಂಬುಜಾ ಡಾಕ್ಟರು ಹೇಳಿದ್ದಾರೆ. ಡಾಕ್ಟರನ್ನು ಕೇಳಿಯೇ ಕೊಡಲು ಹೇಳಿ ಇವಳಿಗೆ. ಸರಿಯಾಗಿದೆಯಾ ಅಯ್ಯಾ ಎಂದು ಕೇಳಿದ. ಸರಿಯಾಗಿದೆ ಎಂದರು ವಿಷ್ಣುಮೂರ್ತಿ. ಇಷ್ಟು ಹೇಳಲು ಒಂದು ನಿಮಿಷವೂ ಹಿಡಿದಿರಲಿಲ್ಲ.

ಸೂಪರಿಂಟೆಂಡೆಂಟರ ಮುಖ ಹಗುರವಾದದ್ದು ಯಾರಿಗಾದರೂ ಕಾಣುವಂತಿತ್ತು. ರೋಗಿಯ ಕಡೆಯವರೇ ವಿಷಯ ತಿಳಿಸಲಿಲ್ಲ ಎಂದು ದಾಖಲಾಯಿತು. ಎಲ್ಲದಕ್ಕೂ ದಿನಾ ಎಂದು ಬರೆದುಕೊಂಡು ಹೋದ ಡಾಕ್ಟರ ಹೆಸರು ಅಲ್ಲಿಂದ ಮುಂದೆ ಯಾರ ಬಾಯಲ್ಲೂ ಬರಲಿಲ್ಲ. ನಿಖಿತಾ ತನ್ನ ಕಾಗದಗಳನ್ನೆಲ್ಲ ಫೈಲಿಗೆ ಹಾಕಿ, ದಾರ ಕಟ್ಟಿ, ಎದ್ದಳು.

ಇಬ್ಬರೂ ಸ್ಟೇಷನ್ನಿನವರೆಗೆ ನಡೆದರು. ಪ್ಲಾಟ್‌ಫಾರಂ ಮೇಲೆ ಬೀಚ್ ಸ್ಟೇಷನ್ ಕಡೆಯ ಲೋಕಲ್ ಟ್ರೈನಿಗೆ ಕಾಯುವಾಗ ನಿಖಿತಾ ಹಳಿಗಳನ್ನು ನೋಡುತ್ತಾ ಕೇಳಿದಳು. ಶಾಲೆಗೆ ಹೋದಂದಿನಿಂದ ತಂದೆಯ ಹತ್ತಿರ ತಮಿಳಿನಲ್ಲೇ ಮಾತಾಡುತ್ತಿದ್ದ ಮಗಳು ಅಂದು ಕನ್ನಡದಲ್ಲಿ, ತಾಯಿಯ ಕನ್ನಡದಲ್ಲಿ ಕೇಳಿದಳು.

“ಅಮ್ಮನಿಗೆ ಗೊತ್ತಿತ್ತಲ್ಲ ಅಪ್ಪ. ಗೊತ್ತಿದ್ದೂ ಯಾಕೆ ನುಂಗಿದ್ಳು?”

ವಿಚಾರಣೆಯಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಅದು. ಯಾರೂ ಕೇಳದಿರಲಿ ಎಂದು ಅವರು ಎರಡು ತಿಂಗಳು ಬೇಡಿಕೊಂಡದ್ದೂ ಅದೇ.

“ನಾನು ಹೇಳಿದ್ದೇನೆ ಅಂತ ಅವಳಿಗೆ ಹೇಳಿದೆ,” ಎಂದರು. “ಡಾಕ್ಟ್ರಿಗೆ ಗೊತ್ತುಂಟಂತೆ ಅಂತ ಹೇಳಿದೆ.”

ನಿಖಿತಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು. ಟ್ರೈನು ಬಂತು. ಹೆಂಗಸರ ಡಬ್ಬಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ನಡೆದು ಹೋಗಿ ಹತ್ತಿದಳು. ಕಿಟಕಿಯಲ್ಲಿ ಅವಳ ಮುಖ ಕಾಣಿಸುತ್ತದೆಯೋ ಎಂದು ವಿಷ್ಣುಮೂರ್ತಿ ಟ್ರೈನು ಪೂರ್ತಿ ದಾಟುವ ತನಕ ನಿಂತಿದ್ದರು.

ಅವರು ಈಗಲೂ ಹೋಟೆಲಿಗೆ ಹೋಗುತ್ತಾರೆ. ಸಾಂಬಾರು ಉಪ್ಪು ಎಂದು ಯಾರಾದರೂ ಹೇಳಿದರೆ ಒಳಗೆ ಹೋಗಿ, ಸಾಂಬಾರು ಉಪ್ಪು ಎಂದೇ ಹೇಳುತ್ತಾರೆ. ಭಟ್ಟರು ಎರಡು ಸಲ ಮುನಿಸಿಕೊಂಡರು. ಹೆಂಡತಿ ಹೋದ ಮೇಲೆ ವಿಷ್ಣುಮೂರ್ತಿಯವರ ಮಾತಿನ ಹದ ತಪ್ಪಿದೆ ಎಂದು ಗುರುಚರಣರು ಮರುಗುತ್ತಾರೆ. ಉಪ್ಪಾದ ಸಾಂಬಾರಿನಿಂದ ಯಾರೂ ಸತ್ತಿರಲಿಲ್ಲ, ಈಗ ಅದನ್ನು ಸರಿಯಾಗಿ ಮುಟ್ಟಿಸಿ ಯಾರನ್ನು ಉಳಿಸಿದ ಹಾಗಾಯಿತು ಎಂದು ಅವರಿಗೂ ಗೊತ್ತು.

ನಿಖಿತಾ ಭಾನುವಾರ ಭಾನುವಾರ ತಪ್ಪದೆ ಫೋನು ಮಾಡುತ್ತಾಳೆ. ಊಟ ಆಯಿತಾ, ಬಿ.ಪಿ. ಮಾತ್ರೆ ತಗೊಂಡಿರಾ ಎಂದು ತಮಿಳಿನಲ್ಲಿ ಕೇಳುತ್ತಾಳೆ. ಮನೆಗೆ ಬರುವುದಿಲ್ಲ. ಅವರು ಪ್ರತಿ ವಾರವೂ ಧೈರ್ಯ ಮಾಡಿ ಕೇಳುತ್ತಾರೆ.

“ಮನಸ್ಸಿನಲ್ಲಿ ಎಂತದಾದ್ರೂ ಉಂಟಾ ಮಗಾ? ಉಂಟಾದ್ರೆ ಹೇಳು.”

“ಒಣ್ಣುಮಿಲ್ಲಪ್ಪಾ,” ಎನ್ನುತ್ತಾಳೆ ನಿಖಿತಾ, ಮೆತ್ತಗೆ, ಥೇಟ್ ಅವರ ಧಾಟಿಯಲ್ಲೇ, ಮತ್ತು ಫೋನು ಇಡುತ್ತಾಳೆ.